ಚಿಕ್ಕಪ್ಪನ ಜಾಝ್ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿದ್ದು

ಕಡೆಗೂ ಮುಗಿಯಿತು. ಚಿಕ್ಕಪ್ಪ ಶಾರ್ಟ್‌ವೇವ್ ರೇಡಿಯೋದಿಂದ ಹಿಡಿದಿಟ್ಟುಕೊಂಡಿದ್ದ ಜಾಝ್ ಕ್ಯಾಸೆಟ್‌ಗಳು, ಅವರ ಎಲ್‌ಪಿಗಳು, ಒಂದಿಷ್ಟು ಹಳೇ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ತಟ್ಟೆಗಳು, ಬೂಷ್ಟು ಹಿಡಿದ ಕೆಲವು ಕ್ಯಾಸೆಟ್ ಬಿಟ್ಟರೆ ಎಲ್ಲಾ ಈಗ ಕಂಪ್ಯೂಟರಿನಲ್ಲಿವೆ. ಒಂದು ರಜೆಯಲ್ಲಿ ಮುಗಿಯುತ್ತೆ ಅಂತ ಹಿಡಿದ ಕೆಲಸ ವರ್ಷ ದಾಟಿತು. ನಿಮ್ಮ ಮನೆಯಲ್ಲೂ ಇಂಥ ಪೆಟ್ಟಿಗೆ ಇದ್ದು, ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗದೆ ಕೂತಿದ್ದರೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೇಳುವಾಗ ಏನಾದರೂ ಕೆಟ್ಟಿದೆ ಅನ್ನಿಸಿದರೆ ತಕ್ಷಣ ಸರಿ ಮಾಡಲು ಹೋಗಬೇಡಿ. ಆ ದೋಷ ಎಲ್ಲಿಂದ ಬಂತು ಅಂತ ಪತ್ತೆ ಹಚ್ಚಿ. ನಿಮ್ಮ ಯಂತ್ರದ್ದಾ, ಟೇಪಿನದ್ದಾ, ಅಥವಾ ಸಂಗೀತ ದಾಖಲಾದ ದಿನವೇ ಹಾಗಿತ್ತಾ? ನನ್ನ ಅರ್ಧ ಸಮಯ ಹೋದದ್ದು ಈ ಪ್ರಶ್ನೆಗೆ. ನನಗೆ ಇಷ್ಟವಾದ ಕಲಾವಿದರು ಇನ್ನೂ ಹತ್ತಿರವಾದದ್ದೂ ಇದರಿಂದಲೇ.

ನನಗೆ ಜಾಝ್ ಹುಚ್ಚು ಹತ್ತಿದ್ದು ಈ ಕ್ಯಾಸೆಟ್‌ಗಳಿಂದ. ರಾತ್ರಿ ಊಟ ಆದಮೇಲೆ ಚಿಕ್ಕಪ್ಪ ರೇಡಿಯೋ ಮುಂದೆ ಕೂರುತ್ತಿದ್ದರು. ಶಾರ್ಟ್‌ವೇವ್ ರಾತ್ರಿ ಹೊತ್ತು ದೂರದಿಂದ ಚೆನ್ನಾಗಿ ಸಿಗುತ್ತದೆ. ಅಮೆರಿಕ ಸರ್ಕಾರ ಹೊರದೇಶಗಳಿಗಾಗಿ ನಡೆಸುತ್ತಿದ್ದ ವಾಯ್ಸ್ ಆಫ್ ಅಮೆರಿಕಾ ರೇಡಿಯೋದಲ್ಲಿ ವಿಲಿಸ್ ಕಾನೋವರ್ 1955ರಿಂದ ನಡೆಸುತ್ತಿದ್ದ ಜಾಝ್ ಕಾರ್ಯಕ್ರಮ ಅವರಿಗೆ ತಪ್ಪಿಸಲಾಗದ ವ್ರತ. ಕಾರ್ಯಕ್ರಮದ ಆರಂಭಕ್ಕೆ ಹಾಕುತ್ತಿದ್ದ, ಡ್ಯೂಕ್ ಎಲಿಂಗ್ಟನ್ ಬ್ಯಾಂಡಿನ ‘ಟೇಕ್ ದಿ ಎ ಟ್ರೈನ್’ ಶುರುವಾದರೆ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಆಮೇಲೆ ಕಾನೋವರ್ ಅವರ ಗಂಭೀರ ದನಿ. ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ತಿಳಿಯಲಿ ಅಂತ ಒಂದೊಂದೇ ಪದವನ್ನು ಬಿಡಿಸಿ, ನಿಧಾನವಾಗಿ ಹೇಳುತ್ತಿದ್ದರು. ಶಾಲೆಯ ಇಂಗ್ಲಿಷ್ ಪಾಠವೇ ತಲೆಗೆ ಹತ್ತದ ವಯಸ್ಸಿನಲ್ಲೂ ನನಗೆ ಅವರ ಮಾತು ಅರ್ಥವಾಗುತ್ತಿತ್ತು. ಜಗತ್ತಿನ ಎಷ್ಟೋ ದೇಶಗಳಲ್ಲಿ ಲಕ್ಷಾಂತರ ಜನ ಅವರನ್ನು ಕೇಳುತ್ತಿದ್ದರು. ಆದರೆ ಆ ಪ್ರಸಾರವನ್ನು ಅಮೆರಿಕದೊಳಗೆ ಮಾಡಲು ಅಲ್ಲಿನ ಕಾನೂನು ಬಿಡುತ್ತಿರಲಿಲ್ಲ. ಹಾಗಾಗಿ ಅವರದೇ ನಾಡಿನ ಹೆಚ್ಚಿನವರಿಗೆ ಅವರ ಹೆಸರು ಗೊತ್ತಿರಲಿಲ್ಲ. 1996ರಲ್ಲಿ ಅವರು ತೀರಿಕೊಂಡರು.

ನೆನಪಿನಲ್ಲಿ ಎಲ್ಲಕ್ಕಿಂತ ಹಳೆಯದು ಗಾಯಕ, ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್. ಆ ಗೊಗ್ಗರು ದನಿ ಕೇಳಿ ಮೊದಲು ಹೆದರಿದ್ದೆ. ಆಮೇಲೊಂದು ರಾತ್ರಿ 1928ರ ‘ವೆಸ್ಟ್ ಎಂಡ್ ಬ್ಲೂಸ್’ ಬಂತು. ಜೊತೆಗೆ ಯಾವ ವಾದ್ಯವೂ ಇಲ್ಲದೆ ಟ್ರಂಪೆಟ್ ಒಂದೇ ಮೇಲಕ್ಕೆ ಏರುತ್ತದೆ, ಅಲ್ಲಿಂದ ಉರುಳಿಕೊಂಡು ಇಳಿಯುತ್ತದೆ. ಹದಿನೈದು ಸೆಕೆಂಡೂ ಇಲ್ಲದ ಆ ಆರಂಭ ಕೇಳಿದ ಮೇಲೆ ಹೆದರಿಕೆ ಹೋಯಿತು. ಕೊನೆಯಲ್ಲಿ ಅದೇ ಟ್ರಂಪೆಟ್ ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತದಲ್ಲ, ಅಲ್ಲಿ ಚಿಕ್ಕಪ್ಪ ಪ್ರತಿ ಸಲ ಕೈ ಎತ್ತಿ ನನ್ನ ಕಡೆ ನೋಡುತ್ತಿದ್ದರು.

ಇನ್ನು ಕೆಲಸದ ವಿಷಯ. ಮೊದಲು ಪೆಟ್ಟಿಗೆ ಬಿಚ್ಚಿ ವಿಂಗಡಿಸಿದೆ. ಪ್ರತಿ ಕ್ಯಾಸೆಟ್ಟನ್ನೂ ಬೆಳಕಿಗೆ ಹಿಡಿದು ಕಿಟಕಿಯಲ್ಲಿ ಕಾಣುವ ಟೇಪಿನ ಅಂಚು ನೋಡಿ. ಬಿಳಿ ಪುಡಿಯೋ ಎಳೆಯೋ ಕಂಡರೆ ಅದು ಬೂಷ್ಟು. ಅದನ್ನು ಬೇರೆ ಚೀಲದಲ್ಲಿ ಹಾಕಿ ದೂರ ಇಡಿ. ಒಳ್ಳೆಯ ಡೆಕ್ಕಿಗೆ (ಕ್ಯಾಸೆಟ್ ಓಡಿಸುವ ಯಂತ್ರಕ್ಕೆ) ತೂರಿಸಿದರೆ ಡೆಕ್ಕಿಗೂ ಹತ್ತುತ್ತದೆ, ಅಲ್ಲಿಂದ ಬೇರೆ ಕ್ಯಾಸೆಟ್‌ಗಳಿಗೂ ಹೋಗುತ್ತದೆ.

ಡೆಕ್ ವಿಷಯದಲ್ಲಿ ಕಾದದ್ದೇ ಕಾದದ್ದು. ಹಳೇ ಡೆಕ್ ಒಂದನ್ನು ಕೊಂಡೆ. ಮುಚ್ಚಳ ತೆಗೆದು ನೋಡಿದರೆ ಒಳಗಿನ ಬೆಲ್ಟ್ ಕರಗಿ ಟಾರಿನ ಹಾಗೆ ಅಂಟಿಕೊಂಡಿತ್ತು. ವರ್ಷಗಟ್ಟಲೆ ಸುಮ್ನೆ ಇಟ್ಟ ಡೆಕ್‌ಗಳಲ್ಲಿ ಇದು ಮಾಮೂಲು. ರಿಪೇರಿಗೆ ಕೊಟ್ಟೆ. ತರಿಸಿದ ಬೆಲ್ಟ್ ಅಳತೆಗೆ ಕೂರಲಿಲ್ಲ. ಮತ್ತೆ ತರಿಸಬೇಕಾಯಿತು. ಅಷ್ಟರಲ್ಲಿ ಪಿಂಚ್ ರೋಲರ್ ಗಟ್ಟಿಯಾಗಿರುವುದು ಗೊತ್ತಾಯಿತು. ಟೇಪನ್ನು ಒತ್ತಿ ಒಂದೇ ವೇಗದಲ್ಲಿ ಎಳೆಯುವ ರಬ್ಬರ್ ಗಾಲಿ ಅದು. ಅದು ಜಾರಿದರೆ ಪಿಯಾನೋ ಸ್ವರ ಅಲುಗುತ್ತದೆ. ಕೊನೆಗೆ ಡೆಕ್ಕಿನ ಬೆಲೆಗಿಂತ ರಿಪೇರಿ ಖರ್ಚೇ ಜಾಸ್ತಿ ಆಯಿತು. ದುಡ್ಡು ಹೊಂದಿಸುವಾಗ ಈ ಲೆಕ್ಕ ಇಟ್ಟುಕೊಳ್ಳಿ. ಅಗ್ಗಕ್ಕೆ ಸಿಗುವ, ನೇರ ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಪ್ಲೇಯರ್‌ಗಳ ಮೋಹ ಬೇಡ. ಅವುಗಳಲ್ಲಿ ವೇಗ ನಿಲ್ಲುವುದಿಲ್ಲ.

ಡೆಕ್ ಸರಿಯಾದ ಮೇಲೂ ದನಿ ಕಂಬಳಿ ಹೊದ್ದಂತೆ ಕೇಳುತ್ತಿತ್ತು. ಕಾರಣ, ಟೇಪಿನಿಂದ ದನಿಯನ್ನು ಓದುವ ಹೆಡ್ಡಿನ ಕೋನ. ಚಿಕ್ಕಪ್ಪನ ಹಳೇ ರೆಕಾರ್ಡರಿನ ಹೆಡ್ ಯಾವ ಕೋನದಲ್ಲಿತ್ತೋ ಆ ಕೋನದಲ್ಲೇ ಟೇಪಿನ ಮೇಲೆ ದನಿ ಕೂತಿದೆ. ನನ್ನ ಡೆಕ್ಕಿನ ಕೋನ ಬೇರೆ. ಹೆಡ್ ಪಕ್ಕ ಒಂದು ಪುಟ್ಟ ಸ್ಕ್ರೂ ಇರುತ್ತದೆ, ಅಲುಗದಿರಲಿ ಅಂತ ಅದರ ಮೇಲೆ ಬಣ್ಣ ಮೆತ್ತಿರುತ್ತಾರೆ. ಮೊದಲಿದ್ದ ಜಾಗಕ್ಕೆ ಗುರುತು ಹಾಕಿ, ಎರಡೂ ಚಾನೆಲ್ ಸೇರಿಸಿ ಮೋನೋದಲ್ಲಿ ಕೇಳುತ್ತಾ, ಸ್ಕ್ರೂವನ್ನು ಒಂದಿಷ್ಟಿಷ್ಟೇ ತಿರುಗಿಸಿದೆ. ಡೇವ್ ಬ್ರೂಬೆಕ್ ಕ್ವಾರ್ಟೆಟ್‌ನ ‘ಟೇಕ್ ಫೈವ್’ ಓಡುತ್ತಿತ್ತು. ಮೊದಲು ಸಿಂಬಲ್ (ಡ್ರಮ್ಸ್ ಜೊತೆಗಿರುವ ಲೋಹದ ತಟ್ಟೆ) ಅಂದರೆ ಬರೀ ಒಂದು ಸುಯ್ಯೆನ್ನುವ ಮಬ್ಬು. ಸ್ಕ್ರೂ ಕೂದಲೆಳೆಯಷ್ಟು ಸರಿದಾಗ ಡ್ರಮ್ಸ್ ನುಡಿಸಿದ ಜೋ ಮೊರೆಲ್ಲೋ ಅವರ ಕಡ್ಡಿಯ ತುದಿ ಲೋಹಕ್ಕೆ ತಾಗುವುದು ಬೇರೆ, ಲೋಹ ಗುಂಯ್‌ಗುಡುವುದು ಬೇರೆ ಅಂತ ಬಿಡಿಸಿ ಕೇಳಿಸಿತು. ನನಗೆ ಕಣ್ಣು ತುಂಬಿ ಬಂತು. ಅದೇ ತಂಡದ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್ ಕಟ್ಟಿದ ಆ ಐದು ಎಣಿಕೆಯ ಧಾಟಿಗೆ ಚಿಕ್ಕಪ್ಪ ತೊಡೆ ಮೇಲೆ ಖಂಡಚಾಪು ಹಾಕುತ್ತಿದ್ದರು. ನಮ್ಮಲ್ಲಿ ಎರಡು, ಆಮೇಲೆ ಮೂರು. ಅಲ್ಲಿ ಮೂರು, ಆಮೇಲೆ ಎರಡು. ಅದಕ್ಕೇ ಅವರ ಕೈ ಪ್ರತಿ ಸಲ ಒಂದು ಕ್ಷಣ ತಡವರಿಸಿ ಆಮೇಲೆ ಕೂಡಿಕೊಳ್ಳುತ್ತಿತ್ತು.

ಈ ಕೋನದ ಹೊಂದಾಣಿಕೆಯನ್ನು ಒಂದು ಸಲ ಮಾಡಿ ಬಿಡುವಂತಿಲ್ಲ. ಬೇರೆ ರೆಕಾರ್ಡರಿನಲ್ಲಿ ತುಂಬಿದ ಕ್ಯಾಸೆಟ್ ಬಂದಾಗಲೆಲ್ಲ ಮತ್ತೆ ಮಾಡಬೇಕು. ಹಾಗಾಗಿ ಯಾವುದನ್ನು ಯಾವ ಕಾಲದಲ್ಲಿ ತುಂಬಿದ್ದು ಅಂತ ಗುಂಪು ಮಾಡಿಕೊಂಡರೆ ಶ್ರಮ ಉಳಿಯುತ್ತದೆ.

ಕೆಲವು ಕ್ಯಾಸೆಟ್‌ಗಳಲ್ಲಿ ದನಿ ಬಂದು ಬಂದು ಮಾಯವಾಗುತ್ತಿತ್ತು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಬಟ್ಟೆಯ ಪ್ಯಾಡ್ ಅಂಟು ಒಣಗಿ ಉದುರಿಹೋಗಿತ್ತು. ಇದಕ್ಕೆ ಸುಲಭದ ದಾರಿ ಇದೆ. ಸ್ಕ್ರೂ ಇರುವ ಖಾಲಿ ಕ್ಯಾಸೆಟ್ ತಂದು, ಬಿಚ್ಚಿ, ಹಳೇ ಟೇಪಿನ ಎರಡೂ ಸುರುಳಿಗಳನ್ನು ಅದರೊಳಗೆ ಕೂರಿಸಿ ಮುಚ್ಚಿ. ಹಳೆಯದು ಸ್ಕ್ರೂ ಇಲ್ಲದೆ ಅಂಟಿಸಿದ್ದಾದರೆ ಅಂಚಿನಲ್ಲಿ ಬ್ಲೇಡ್ ಹಾಕಿ ಬಿಡಿಸಬೇಕು. ಟೇಪು ಒಳಗೆ ಎಲ್ಲೆಲ್ಲಿ ಸುತ್ತಿ ಹೋಗಿದೆ ಅಂತ ಬಿಚ್ಚಿದ ಕೂಡಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಕಂಪ್ಯೂಟರಿಗೆ ತುಂಬುವಾಗ ಡೆಕ್ಕಿನ ಲೈನ್ ಔಟ್‌ನಿಂದ ಆಡಿಯೋ ಇಂಟರ್‌ಫೇಸಿಗೆ (ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆಗೆ) ತಂತಿ ಹಾಕಿ. ಹೆಡ್‌ಫೋನ್ ತೂತಿನಿಂದ ಬೇಡ. ನಾನು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ತುಂಬಿದೆ. ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು 2 ಜಿಬಿ ಜಾಗ ತಿನ್ನುತ್ತದೆ. ಎಷ್ಟೇ ಜೋರು ಬಂದರೂ ಮಟ್ಟ ಮೈನಸ್ 6 ಡೆಸಿಬಲ್ ದಾಟದ ಹಾಗೆ ಇಟ್ಟುಕೊಂಡೆ. ಕಡಿಮೆ ಇದ್ದದ್ದನ್ನು ಆಮೇಲೆ ಏರಿಸಬಹುದು, ಒಡೆದದ್ದನ್ನು ಕೂಡಿಸಲಾಗುವುದಿಲ್ಲ. ಆಮೇಲೆ ಫ್ಲ್ಯಾಕ್ ಎಂಬ ಫೈಲ್ ರೂಪಕ್ಕೆ ಬದಲಾಯಿಸಿದರೆ ಏನೂ ನಷ್ಟವಿಲ್ಲದೆ ಗಾತ್ರ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಇನ್ನು ವೇಗ ಹೆಚ್ಚಿಸುವ ಉಪಾಯ ಯಾವುದೂ ಇಲ್ಲ. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷ ಬೇಕೇ ಬೇಕು.

ಹಾಡುಗಳ ನಡುವಿನ ಮಾತು, ಕೊರಕೊರ ಸದ್ದು ಎಲ್ಲಾ ತೆಗೆದು ಸಂಗೀತ ಮಾತ್ರ ಉಳಿಸೋಣ ಅಂತ ನನ್ನ ಯೋಚನೆ ಇತ್ತು. ಚಿಕ್ಕಪ್ಪನಿಗೆ ಹೇಳಿದೆ. “ಕಾನೋವರ್ ಮಾತು ಕತ್ತರಿಸಬೇಡ ಕಣೇ. ಯಾರು ನುಡಿಸಿದ್ದು ಅಂತ ಅವರೇ ಹೇಳ್ತಾರಲ್ಲ” ಅಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿಯಾಗಿತ್ತು. ಚಿಕ್ಕಪ್ಪನ ನೋಟ್‌ಬುಕ್ಕಿನಲ್ಲಿ ಹೆಸರುಗಳೆಲ್ಲ ಕಿವಿಗೆ ಬಿದ್ದಂತೆ ಬರೆದವು, ಎಷ್ಟೋ ಕಡೆ ಶಾಯಿ ಹರಡಿದೆ. ಯಾವ ಕ್ಯಾಸೆಟ್ಟಿನಲ್ಲಿ ಏನಿದೆ ಅಂತ ಗುರುತಿಸಲು ಕೊನೆಗೆ ನೆರವಾದದ್ದು ಆ ಮಾತುಗಳೇ. ದಯವಿಟ್ಟು ಮಾತನ್ನು ಕತ್ತರಿಸಬೇಡಿ. ಶಾರ್ಟ್‌ವೇವ್ ದನಿ ಏರಿಳಿಯುವುದನ್ನು, ನಡುವೆ ಬರುವ ಸಿಳ್ಳೆಯನ್ನು ನಾನು ಹಾಗೇ ಬಿಟ್ಟಿದ್ದೇನೆ. ಶಬ್ದ ಒರೆಸುವ ಸಾಫ್ಟ್‌ವೇರ್ ಹಚ್ಚಿ ನೋಡಿದೆ. ಸಿಳ್ಳೆ ಜೊತೆಗೆ ಸಿಂಬಲ್ಲೂ ಹೋಯಿತು.

ಈ ಕ್ಯಾಸೆಟ್‌ಗಳಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಕಾಯುತ್ತಿದ್ದದ್ದು ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್ ಅವರ ‘ಮ್ಯಾಕ್ ದಿ ನೈಫ್’ಗೆ. 1960ರ ಫೆಬ್ರವರಿ 13ರಂದು ಬರ್ಲಿನ್‌ನಲ್ಲಿ ಹಾಡಿದ್ದು. ಅರ್ಧ ಹಾಡಿನಲ್ಲಿ ಸಾಹಿತ್ಯ ಮರೆತು ಹೋಗುತ್ತದೆ. ಅವರು ನಿಲ್ಲುವುದಿಲ್ಲ. ಮರೆತೆ ಅಂತಲೇ ಧಾಟಿಯಲ್ಲಿ ಹಾಡುತ್ತಾರೆ, ಅಲ್ಲೇ ಹೊಸ ಸಾಲು ಕಟ್ಟುತ್ತಾರೆ, ನಡುವೆ ಆರ್ಮ್‌ಸ್ಟ್ರಾಂಗ್ ಅವರ ಗೊಗ್ಗರು ದನಿಯನ್ನೂ ತರುತ್ತಾರೆ. ಚಿಕ್ಕಂದಿನಲ್ಲಿ ನನಗೆ ಹಾಡು ಇರುವುದೇ ಹೀಗೆ ಅನ್ನಿಸಿತ್ತು. ಮೂಲ ಸಾಹಿತ್ಯ ಕೇಳಿದ್ದು ಎಷ್ಟೋ ವರ್ಷ ಆದಮೇಲೆ. ನನಗೆ ಇವತ್ತಿಗೂ ಬರ್ಲಿನ್ನಿನದೇ ಪೂರ್ತಿ ಹಾಡು. ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು.

ಕ್ಯಾಸೆಟ್ ಮುಗಿಸಿ ಎಲ್‌ಪಿಗೆ ಬಂದೆ. ಇಲ್ಲಿ ಖರ್ಚು ಪೂರ್ತಿ ಮುಳ್ಳಿನ ಮೇಲೆ. ಹಳೇ ಮುಳ್ಳು ಸವೆದಿದ್ದರೆ ತಟ್ಟೆಯನ್ನೇ ಕೊರೆಯುತ್ತದೆ. ಉಳಿತಾಯವನ್ನು ಬೇರೆ ಕಡೆ ಮಾಡಿ, ಇಲ್ಲಿ ಬೇಡ. ತೊಳೆಯಲು ಡಿಸ್ಟಿಲ್ಡ್ ನೀರು, ಅದಕ್ಕೆ ಒಂದೆರಡು ಹನಿ ಸೋಪಿನ ದ್ರಾವಣ, ಮೆತ್ತನೆ ಬಟ್ಟೆ ಸಾಕು. ಮುಳ್ಳು ಓಡುವ ಸುತ್ತು ಗೀರುಗಳ ದಿಕ್ಕಿನಲ್ಲೇ ಒರೆಸಬೇಕು. ಲೇಬಲ್ಲಿಗೆ ನೀರು ತಾಗಬಾರದು.

ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಹಾಕಿದಾಗ ದೊಡ್ಡ ತಲೆನೋವು ಬಂತು. ಮೊದಲ ಹಾಡು ‘ಸೋ ವಾಟ್’. ಅದರ ಮೊದಲ ಭಾಗ ಡಿ ಶ್ರುತಿಯಲ್ಲಿ ನಿಲ್ಲುತ್ತದೆ, ನಮ್ಮ ಖರಹರಪ್ರಿಯದ ಸ್ವರಗಳೇ. ಫೋನಿನಲ್ಲಿದ್ದ ಶ್ರುತಿಪೆಟ್ಟಿಗೆಯನ್ನು ಡಿಗೆ ಇಟ್ಟುಕೊಂಡು ಕೇಳಿದೆ. ಕೂಡಲಿಲ್ಲ. ತಟ್ಟೆಯ ಶ್ರುತಿ ಒಂದು ಚೂರು ಮೇಲಿತ್ತು. ಟರ್ನ್‌ಟೇಬಲ್ ವೇಗವಾಗಿ ತಿರುಗುತ್ತಿದೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ವೇಗ ಸರಿ ಇದ್ದರೆ ಗೆರೆಗಳು ನಿಂತಂತೆ ಕಾಣುವ ಸ್ಟ್ರೋಬ್ ಡಿಸ್ಕ್ ಇಟ್ಟು ನೋಡಿದೆ. ಗೆರೆಗಳು ಅಲುಗದೆ ನಿಂತಿದ್ದವು. ವೇಗ ಸರಿ ಇದೆ. ತಟ್ಟೆ ಮಗುಚಿ ಎರಡನೇ ಬದಿ ಹಾಕಿದೆ. ಅಲ್ಲಿ ಶ್ರುತಿ ಸರಿಯಾಗಿ ಕೂತಿತ್ತು.

ಹುಡುಕಿದಾಗ ಕಾರಣ ಸಿಕ್ಕಿತು. ಮೊದಲ ಬದಿಯ ಮೂರು ಹಾಡು ದಾಖಲಾದದ್ದು 1959ರ ಮಾರ್ಚ್ 2ರಂದು, ನ್ಯೂಯಾರ್ಕಿನಲ್ಲಿದ್ದ ಕೊಲಂಬಿಯಾದ 30ನೇ ಬೀದಿಯ ಸ್ಟುಡಿಯೋದಲ್ಲಿ. ಆ ದಿನ ಮುಖ್ಯ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ನಿಧಾನವಾಗಿ ದಾಖಲಾದದ್ದನ್ನು ಸರಿ ವೇಗದಲ್ಲಿ ಓಡಿಸಿದರೆ ಶ್ರುತಿ ಏರುತ್ತದೆ. ಏಪ್ರಿಲ್ 22ರಂದು ಎರಡನೇ ಬದಿ ದಾಖಲಾಗುವಾಗ ವೇಗ ಸರಿ ಇತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಜಗತ್ತು ಕೇಳಿದ್ದು ಆ ಏರಿದ ಶ್ರುತಿಯನ್ನೇ. 1990ರ ದಶಕದಲ್ಲಿ, ಅದೇ ದಿನ ಜೊತೆಗೆ ಓಡಿದ್ದ ಇನ್ನೊಂದು ಯಂತ್ರದ ಟೇಪಿನಿಂದ ಸರಿಪಡಿಸಿ ಮರುಬಿಡುಗಡೆ ಮಾಡಿದರು. ನಾನು ಎರಡು ಪ್ರತಿ ಇಟ್ಟುಕೊಂಡೆ. ತಟ್ಟೆಯಲ್ಲಿ ಇದ್ದಂತೆಯೇ ಒಂದು, ಶ್ರುತಿ ಇಳಿಸಿದ್ದು ಒಂದು. ಮನಸ್ಸು ಒಪ್ಪುವುದು ಮೊದಲನೆಯದಕ್ಕೆ. ಚಿಕ್ಕಂದಿನಿಂದ ಕೇಳಿದ್ದು ಅದನ್ನೇ. ಜಾನ್ ಕೋಲ್ಟ್ರೇನ್, ಕ್ಯಾನನ್‌ಬಾಲ್ ಆಡರ್ಲಿ ಇಬ್ಬರ ಸ್ಯಾಕ್ಸೊಫೋನ್‌ಗೂ ಅಲ್ಲಿ ಸ್ವಲ್ಪ ಜಾಸ್ತಿ ಹೊಳಪಿದೆ.

ಅಷ್ಟರಲ್ಲಿ ಎಲಿಂಗ್ಟನ್ ಅವರ ನ್ಯೂಪೋರ್ಟ್ ಜಾಝ್ ಉತ್ಸವದ ಎಲ್‌ಪಿ. 1956ರ ಜುಲೈ 7ರ ರಾತ್ರಿ ಪಾಲ್ ಗೊನ್ಸಾಲ್ವೆಸ್ ಸ್ಯಾಕ್ಸೊಫೋನಿನಲ್ಲಿ 27 ಕೋರಸ್ (ಧಾಟಿಯ ಒಂದು ಪೂರ್ತಿ ಸುತ್ತು ಅಂದರೆ ಒಂದು ಕೋರಸ್) ಒಂದೇ ಸಮನೆ ನುಡಿಸಿ ಜನರನ್ನು ಎಬ್ಬಿಸಿ ಕುಣಿಸಿದರು. ಅಷ್ಟು ಹೆಸರಾದ ಆ ನುಡಿಸಾಣಿಕೆ ತಟ್ಟೆಯಲ್ಲಿ ಎಲ್ಲೋ ದೂರದಿಂದ ಕೇಳಿಸುತ್ತದೆ. ಮುಳ್ಳನ್ನು ದೂರಬೇಡಿ. ಅವರು ನುಡಿಸಿದ್ದು ಕೊಲಂಬಿಯಾ ಕಂಪನಿಯ ಮೈಕಿಗಲ್ಲ, ಪಕ್ಕದಲ್ಲಿದ್ದ ವಾಯ್ಸ್ ಆಫ್ ಅಮೆರಿಕಾದ ಮೈಕಿಗೆ. ಆ ಇನ್ನೊಂದು ಟೇಪ್ ಸಿಕ್ಕಮೇಲೆ ಎರಡನ್ನೂ ಜೋಡಿಸಿ 1999ರಲ್ಲಿ ಹೊರತಂದರು. ಅದರಲ್ಲಿ ಗೊನ್ಸಾಲ್ವೆಸ್ ಮುಂದೆಯೇ ನಿಂತಿದ್ದಾರೆ. ಹಳೇ ಎಲ್‌ಪಿಯ ಕೆಲವು ಭಾಗ ಸ್ಟುಡಿಯೋದಲ್ಲಿ ಮತ್ತೆ ನುಡಿಸಿ ಚಪ್ಪಾಳೆ ಸೇರಿಸಿದ್ದು ಅಂತ ತಿಳಿದಾಗ ಚಿಕ್ಕಪ್ಪನಿಗೆ ಬೇಸರವಾಯಿತು. ಆ ಚಪ್ಪಾಳೆಗೆ ಅವರೂ ಎಷ್ಟೋ ಸಲ ಚಪ್ಪಾಳೆ ತಟ್ಟಿದ್ದರು.

ನನ್ನ ಅತಿ ಪ್ರೀತಿಯ ಪಿಯಾನೋ ವಾದಕ ಬಿಲ್ ಇವಾನ್ಸ್. 1961ರ ಜೂನ್ 25, ಭಾನುವಾರ, ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಅವರು, ಬಾಸ್‌ನಲ್ಲಿ ಸ್ಕಾಟ್ ಲಫಾರೋ, ಡ್ರಮ್ಸ್‌ನಲ್ಲಿ ಪಾಲ್ ಮೋಷಿಯನ್. ಲೋಟಗಳು ತಾಗುವ ಸದ್ದು, ಜನರ ಪಿಸುಮಾತು, ನಗು, ಎಲ್ಲಾ ಇದೆ. ಬಾಸ್ ಇಲ್ಲಿ ಹಿಂದೆ ನಿಲ್ಲುವುದಿಲ್ಲ. ಪಿಯಾನೋ ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಕೆಲವೊಮ್ಮೆ ತಾನೇ ಪ್ರಶ್ನೆ ಹಾಕುತ್ತದೆ. ಆ ದಿನದ ಪೂರ್ತಿ ಸಿಡಿ ಸೆಟ್ಟನ್ನೂ ಕಂಪ್ಯೂಟರಿಗೆ ಇಳಿಸುತ್ತಿದ್ದೆ. ಮೊದಲ ಹಾಡು ‘ಗ್ಲೋರಿಯಾಸ್ ಸ್ಟೆಪ್’ನಲ್ಲಿ ದನಿ ಕೆಟ್ಟು ಕಡಿದುಹೋಯಿತು. ಸಿಡಿ ಒರೆಸಿ ಮತ್ತೆ ಇಳಿಸಿದೆ, ಅದೇ ಜಾಗದಲ್ಲಿ ಅದೇ ಕಡಿತ. ಇದೂ ಮೂಲದಲ್ಲೇ ಇರುವುದು. ದಾಖಲಾಗುವಾಗ ಕರೆಂಟ್ ಕೈಕೊಟ್ಟಿತ್ತು. ಅದಕ್ಕೇ ಹಳೇ ಎಲ್‌ಪಿಗಳಲ್ಲಿ ಆ ನುಡಿಸಾಣಿಕೆ ಇರಲಿಲ್ಲ. ಮುಂದಿನ ತಿಂಗಳು ಜುಲೈ 6ರಂದು ಲಫಾರೋ ಕಾರು ಅಪಘಾತದಲ್ಲಿ ತೀರಿಕೊಂಡರು. 25 ವರ್ಷ. ಇವಾನ್ಸ್ ತಿಂಗಳುಗಟ್ಟಲೆ ಪಿಯಾನೋದಿಂದ ದೂರ ಉಳಿದರು. ಇದನ್ನು ತಿಳಿದ ಮೇಲೆ ಆ ಕಡಿತವನ್ನು ಮುಚ್ಚಲು ನನಗೆ ಕೈ ಬರಲಿಲ್ಲ.

78ರ ತಟ್ಟೆಗಳಿಗೆ ಒಂದೇ ದೊಡ್ಡ ಎಚ್ಚರಿಕೆ. ಆಲ್ಕೋಹಾಲ್ ಇರುವ ಯಾವ ದ್ರಾವಣವನ್ನೂ ತಾಗಿಸಬೇಡಿ. ಅವು ಅರಗಿನಿಂದ ಮಾಡಿದವು, ಆಲ್ಕೋಹಾಲ್‌ನಲ್ಲಿ ಕರಗುತ್ತವೆ. ಇವಕ್ಕೆ ಎಲ್‌ಪಿಯ ಮುಳ್ಳೂ ಆಗುವುದಿಲ್ಲ. ಗೀರು ಅಗಲ, ಸುಮಾರು ಮೂರು ಪಟ್ಟು ದಪ್ಪದ ಮುಳ್ಳು ಬೇಕು. ಟರ್ನ್‌ಟೇಬಲ್‌ನಲ್ಲಿ 78ರ ವೇಗ ಇಲ್ಲದಿದ್ದರೆ 45ರಲ್ಲಿ ತಿರುಗಿಸಿ ತುಂಬಿಕೊಂಡು ಆಮೇಲೆ ಸಾಫ್ಟ್‌ವೇರಿನಲ್ಲಿ ವೇಗ ಏರಿಸಬಹುದು. ಒಂದು ಬದಿಗೆ ಮೂರು ನಿಮಿಷದ ಮೇಲೆ ಜಾಸ್ತಿ ಹಿಡಿಸುವುದಿಲ್ಲ. ಬಿಲ್ಲಿ ಹಾಲಿಡೇ 1939ರಲ್ಲಿ ಹಾಡಿದ ‘ಸ್ಟ್ರೇಂಜ್ ಫ್ರೂಟ್’ ಈ ಪೆಟ್ಟಿಗೆಯಲ್ಲಿತ್ತು. ಕರಿಯರನ್ನು ಗುಂಪುಗೂಡಿ ಮರಕ್ಕೆ ನೇತುಹಾಕಿ ಕೊಲ್ಲುತ್ತಿದ್ದುದರ ಬಗ್ಗೆ ಇರುವ ಹಾಡು. ಅವರ ಕಂಪನಿ ಕೊಲಂಬಿಯಾ ದಾಖಲಿಸಲು ಒಪ್ಪಲಿಲ್ಲ, ಕೊಮೊಡೋರ್ ಎಂಬ ಸಣ್ಣ ಕಂಪನಿ ಒಪ್ಪಿತು. ಅದನ್ನು ತುಂಬುವಾಗ ಚಟಪಟ ಸದ್ದನ್ನು ಅಳೆಯಬೇಕಿತ್ತು. ನನ್ನಿಂದ ಆಗಲಿಲ್ಲ. ಆ ಕೆಲಸವನ್ನು ಮರುದಿನಕ್ಕೆ ಬಿಟ್ಟೆ.

ಕಾಗದಪತ್ರದ ವಿಷಯವನ್ನೂ ಹೇಳಬೇಕು. ರೇಡಿಯೋ ಟೇಪ್‌ಗಳು ಬೇರೆಯವರಿಗೂ ಉಪಯೋಗವಾಗಲಿ ಅಂತ ಒಂದು ಸಂಗ್ರಹಾಲಯಕ್ಕೆ ಬರೆದೆ. ಉತ್ತರಕ್ಕೆ ತಿಂಗಳುಗಟ್ಟಲೆ ಕಾದೆ. ಬಂದ ಉತ್ತರದ ಜೊತೆ ಫಾರಂಗಳ ಕಟ್ಟು. ಪ್ರತಿ ಟೇಪಿಗೂ ಪ್ರಸಾರದ ದಿನಾಂಕ, ಯಾರು ತುಂಬಿದ್ದು, ಯಾವ ಯಂತ್ರ, ಮಾಲೀಕರ ಒಪ್ಪಿಗೆ ಸಹಿ. ಎಲ್‌ಪಿಗಳ ಪ್ರತಿ ಬೇಡ, ರೇಡಿಯೋದ್ದು ಮಾತ್ರ ಸಾಕು ಅಂದರು. ಇದು ಮೊದಲೇ ಗೊತ್ತಿದ್ದರೆ ಈ ವಿವರಗಳನ್ನು ತುಂಬುವಾಗಲೇ ಬರೆದಿಡಬಹುದಿತ್ತು. ನೀವು ಮೊದಲ ದಿನದಿಂದಲೇ ಬರೆದಿಡಿ. ನಿಮ್ಮ ಹತ್ತಿರ ತಟ್ಟೆ ಇದೆ ಅಂದಮಾತ್ರಕ್ಕೆ ಅದರ ದನಿಯನ್ನು ಅಂತರ್ಜಾಲಕ್ಕೆ ಹಾಕುವ ಹಕ್ಕು ಬರುವುದಿಲ್ಲ, ಅದೂ ನೆನಪಿರಲಿ. ಅಮೆರಿಕದಲ್ಲಿ 1923ಕ್ಕಿಂತ ಮೊದಲು ಹೊರಬಂದ ಧ್ವನಿಮುದ್ರಣಗಳು 2022ರ ಜನವರಿ 1ರಂದು ಎಲ್ಲರ ಸ್ವತ್ತಾದವು. 1923ರಿಂದ 1946ರವರೆಗಿನವಕ್ಕೆ ಅಲ್ಲಿ 100 ವರ್ಷದ ರಕ್ಷಣೆ ಇದೆ. ಆ ಲೆಕ್ಕದಲ್ಲಿ ‘ವೆಸ್ಟ್ ಎಂಡ್ ಬ್ಲೂಸ್’ ಧ್ವನಿಮುದ್ರಣ ಅಲ್ಲಿ ಮುಕ್ತವಾಗುವುದು 2029ರ ಜನವರಿ 1ಕ್ಕೆ. ಬೇರೆ ಬೇರೆ ದೇಶಗಳ ನಿಯಮ ಬೇರೆ.

ಎಲ್ಲಾ ಫೈಲುಗಳ ಮೂರು ಪ್ರತಿ ಇಟ್ಟಿದ್ದೇನೆ, ಒಂದು ಬೇರೆ ಮನೆಯಲ್ಲಿ. ಮೂಲ ಕ್ಯಾಸೆಟ್ ಯಾವುದನ್ನೂ ಬಿಸಾಡಿಲ್ಲ.

ಇನ್ನು ಉಳಿದಿರುವುದು ಬೂಷ್ಟು ಹಿಡಿದ ಆ ಚೀಲ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ, ತಿಳಿದವರಿಗೇ ಕೊಟ್ಟಿದ್ದೇನೆ. ಅದರಲ್ಲೊಂದರ ಮೇಲೆ ಚಿಕ್ಕಪ್ಪ ‘ಮಾಂಕ್’ ಅಂತ ಮಾತ್ರ ಬರೆದಿದ್ದಾರೆ. ಪಿಯಾನೋ ವಾದಕ ಥೆಲೋನಿಯಸ್ ಮಾಂಕ್ ಮತ್ತು ಕೋಲ್ಟ್ರೇನ್ 1957ರ ನವೆಂಬರ್ 29ರಂದು ಕಾರ್ನೆಗಿ ಹಾಲ್‌ನಲ್ಲಿ ಜೊತೆಯಾಗಿ ನುಡಿಸಿದ್ದನ್ನು ವಾಯ್ಸ್ ಆಫ್ ಅಮೆರಿಕಾ ದಾಖಲಿಸಿತ್ತು. ಆ ಟೇಪ್ ಯಾರ ಗಮನಕ್ಕೂ ಬಾರದೆ ಉಳಿದು, 2005ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಸಿಕ್ಕಿತು. ಚಿಕ್ಕಪ್ಪನ ಕ್ಯಾಸೆಟ್ಟಿನಲ್ಲಿ ಅದು ಇರಲು ಸಾಧ್ಯವಿಲ್ಲ, ನನಗೆ ಗೊತ್ತು. ಆದರೂ ಮಾಂಕ್ ಮಾಂಕೇ. ಅದನ್ನೇ ಮೊದಲು ಮಾಡಿಕೊಡಿ ಅಂತ ಹೇಳಿ ಬಂದಿದ್ದೇನೆ. ಚಿಕ್ಕಪ್ಪ ದಿನಾ ಫೋನ್ ಮಾಡಿ ಬಂತಾ ಅಂತ ಕೇಳುತ್ತಿದ್ದಾರೆ.